ನಮ್ಮ ಮಾರುತಿ 800 ಕಾರಿನ ಫ್ಲೋರ್ ತುಕ್ಕು, ಎರಡನೇ ಸಲ

ಕಳೆದ ಸೆಪ್ಟೆಂಬರ್ ಕೊನೆ. ಬೈಂದೂರಿಂದ ವಾಪಸ್ ಬರ್ತಾ ಮರವಂತೆ ಹತ್ರ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕೆ, ಮಳೆ ಬಿಡುವ ಲಕ್ಷಣವೇ ಇಲ್ಲ, ಎಡಗಡೆ ಮುಂದಿನ ಚಕ್ರ ಒಂದು ಗುಂಡಿಗೆ ಇಳೀತು, ನೀರು ಹಾರಿತು, ಅದು ಎಲ್ಲ ಕಾರಿಗೂ ಆಗುವುದೇ. ಆದ್ರೆ ಪಕ್ಕದ ಸೀಟಲ್ಲಿ ಕೂತಿದ್ದ ಅಮ್ಮ ಗಡಬಡಿಸಿ ಕಾಲು ಮೇಲೆತ್ತಿಕೊಂಡ್ರು. "ಎಂತದು ಮಗಾ ಇದು, ಕೆಳಗಿಂದ ನೀರು ಬರ್ತಾ ಉಂಟಲ್ಲ, ಕಾಲು ತೊಳೀಲಿಕ್ಕೆ ಕಾರೊಳಗೇ ವ್ಯವಸ್ಥೆ ಮಾಡಿದ್ದೀಯಾ?"

ಮನೆಗೆ ಬಂದು ಮ್ಯಾಟ್ ಎತ್ತಿದೆ. ಹಳೇ ಪ್ಯಾಚಿನ ಅಂಚಲ್ಲಿ ಎರಡು ಬೆರಳು ತೂರುವಷ್ಟು ಸಂದು, ಅದರಲ್ಲಿ ಬಗ್ಗಿ ನೋಡಿದ್ರೆ ಅಂಗಳದ ಜಲ್ಲಿ ಕಾಣ್ತದೆ.

ಹಳೇ ಪ್ಯಾಚು ಅಂದ್ನಲ್ಲ, ಅದು ನಂದೇ ಕೆಲಸ. 2020ರ ಲಾಕ್‌ಡೌನಲ್ಲಿ ಶಾಲೆ ಇಲ್ಲ, ಕೈಗೆ ಕೆಲಸ ಇಲ್ಲ, ಫ್ಲೋರಲ್ಲಿ ಒಂದು ಪಾವಲಿಯಷ್ಟು ತೂತು ಕಂಡಿತ್ತು. ಮನೆ ಹಿಂದೆ ಬಿದ್ದಿದ್ದ ಜಿಐ ಶೀಟ್ ತುಂಡು ಕತ್ತರಿಸಿ, ತುಕ್ಕಿನ ಮೇಲೇ ಇಟ್ಟು, ಅಲ್ಯೂಮಿನಿಯಂ ಪಾಪ್ ರಿವೆಟ್ ಹೊಡೆದು, ಮೇಲಿಂದ ಕೆಳಗಿಂದ ಡಾಂಬರು ಬಳಿದು, ಫೋಟೋ ತೆಗೆದು ಭಾವನಿಗೆ ಕಳಿಸಿ ಬೆನ್ನು ತಟ್ಟಿಸಿಕೊಂಡಿದ್ದೆ. ನಾಲ್ಕು ಮಳೆಗಾಲ ಕಳೀತು, ಪಾವಲಿ ಹೋಗಿ ಊಟದ ತಟ್ಟೆ ಆಯ್ತು.

ಕಾರು 2004ರ ಮಾರುತಿ 800 ಎ.ಸಿ., ಕೆಎ 20 ನಂಬರು, ಅಪ್ಪ ಹೊಸತೇ ತಗೊಂಡದ್ದು. 2019ಕ್ಕೆ ಹದಿನೈದು ವರ್ಷ ಮುಗಿದು ರಿಜಿಸ್ಟ್ರೇಶನ್ ರಿನ್ಯೂವಲ್ ಆಯ್ತು, ಐದು ವರ್ಷ ಬಿಟ್ಟು ಇನ್ನೊಂದು ಸಲವೂ ಆಯ್ತು. ಇಂಜಿನ್ 796 ಸಿಸಿ, ಮೂರು ಸಿಲಿಂಡರು, ಈಗಲೂ ಅರ್ಧ ಸೆಲ್ಫ್‌ಗೇ ಸ್ಟಾರ್ಟ್. 2014ರ ಜನವರಿಗೆ ಈ ಗಾಡಿ ತಯಾರಿಸುವುದೇ ನಿಲ್ಲಿಸಿದ್ರು, ಆದ್ರೂ ಮೆಕ್ಯಾನಿಕಲ್ ಪಾರ್ಟು ಕೇಳಿದಲ್ಲಿ ಸಿಗ್ತದೆ, ಫ್ಲೋರ್ ಪ್ಯಾನಲ್ ಮಾತ್ರ ನಾನು ವಿಚಾರಿಸಿದ ಕಡೆ ಎಲ್ಲೂ ಇಲ್ಲ. ಹಾಗಾಗಿ ತಗಡು ಬಗ್ಗಿಸಿ ಮಾಡುವುದೇ ದಾರಿ. ಇದಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಅಂತ ಇಲ್ಲ, ಫ್ಲೋರು, ಪಕ್ಕದ ರನ್ನಿಂಗ್ ಬೋರ್ಡು, ಕಂಬ, ಟಾಪು ಎಲ್ಲ ಸೇರಿಯೇ ಚಾಸಿ. ಫ್ಲೋರಿಗೆ ತುಕ್ಕು ಅಂದ್ರೆ ಬರೀ ಕಾಲಿಗೆ ನೀರು ಬರುವ ವಿಷಯ ಅಲ್ಲ ಅದು, ಸೀಟಿನ ಬೋಲ್ಟು ಕೂತಿರುವುದೂ ಅದರ ಮೇಲೆಯೇ.

ಕಾರಿನ ತಗಡು ಕೆಲಸ ಮಾಡುವ ನಮ್ಮ ಟಿಂಕರಣ್ಣನ ಹತ್ರ ತೋರಿಸಿದೆ. ಅವರು ಕುಕ್ಕರುಗಾಲಲ್ಲಿ ಕೂತು, ಸ್ಕ್ರೂ ಡ್ರೈವರ್ ತಗೊಂಡು ನನ್ನ ಡಾಂಬರನ್ನ ಎಬ್ಬಿಸಿದ್ರು. ರಿವೆಟ್‌ಗಳು ಬಿಳೀ ಪುಡಿ ಆಗಿದ್ವು. ಅಲ್ಯೂಮಿನಿಯಮ್ಮು, ಕಬ್ಬಿಣ, ಮಧ್ಯೆ ಉಪ್ಪು ನೀರು, ಇಷ್ಟಿದ್ರೆ ಅದೊಂದು ಸಣ್ಣ ಬ್ಯಾಟರಿಯೇ, ಅಲ್ಯೂಮಿನಿಯಂ ಮೊದಲು ಕರಗ್ತದೆ, ಕ್ಲಾಸಲ್ಲಿ ನಾನೇ ಪಾಠ ಮಾಡುವ ವಿಷಯ ಅದು, ಅಂಗಳದಲ್ಲಿ ನೆನಪಾಗ್ಲಿಲ್ಲ ಅಷ್ಟೆ. ಜಿಐ ಶೀಟಿನ ಅಡಿ ಎರಡು ತಗಡಿನ ಮಧ್ಯೆ ನೀರು ಸಿಕ್ಕಿಕೊಂಡಿತ್ತು, ಡಾಂಬರು ಅದನ್ನ ಒಣಗ್ಲಿಕ್ಕೂ ಬಿಡ್ಲಿಲ್ಲ. ತುಕ್ಕು ಕಬ್ಬಿಣಕ್ಕಿಂತ ತುಂಬಾ ಜಾಸ್ತಿ ಜಾಗ ತಗೊಳ್ತದಲ್ಲ, ಫ್ಲೋರು ಪತ್ರೊಡೆ ಪದರದ ಹಾಗೆ ಎದ್ದು ಬರ್ತಿತ್ತು, ಉಗುರಲ್ಲಿ ಸುಲಿದ್ರೆ ಒಂದೊಂದೇ ಪದರ ಕೈಗೆ.

"ಮಾಷ್ಟ್ರೆ, ತಗಡು ನಾನು ಹಾಕಿ ಕೊಡ್ತೇನೆ, ಅದೆಂತ ದೊಡ್ಡದಲ್ಲ. ಈ ನೀರು ಎಲ್ಲಿಂದ ಬಂದದ್ದು ಹೇಳಿ."

"ಕೆಳಗಿಂದಲ್ವಾ, ರೋಡಿಂದು."

"ಕೆಳಗಿಂದ ಬಂದದ್ದಾದ್ರೆ ಅಡಿ ಮೊದಲು ಹೋಗ್ಬೇಕಿತ್ತು. ನೋಡಿ, ಅಡಿಯ ಕೋಟಿಂಗ್ ಇನ್ನೂ ಕಪ್ಪಗೆ ಉಂಟು. ಇದು ಮೇಲಿಂದ ತಿಂದ ತುಕ್ಕು. ನೀರು ಒಳಗೇ ಉಂಟು."

ಅವರು ಹೇಳಿದ್ದು ನಿಜ. ತೂತು ಮುಚ್ಚುವ ಗಡಿಬಿಡಿಯಲ್ಲಿ ತೂತು ಯಾಕಾಯ್ತು ಅಂತ ನಾನು 2020ರಲ್ಲಿ ನೋಡಿಯೇ ಇರ್ಲಿಲ್ಲ. ಕಾರ್ಪೆಟ್ ಅಡಿಯ ಫೆಲ್ಟ್ ಹಿಂಡಿದೆ. ಮಳೆ ಬಂದು ನಾಲ್ಕು ದಿನ ಆಗಿತ್ತು, ಆದ್ರೂ ಅರ್ಧ ಬಕೆಟು ನೀರು ಇಳೀತು. ಅದು ವರ್ಷದಲ್ಲಿ ಎಂಟು ತಿಂಗಳು ಒದ್ದೆ ಬಟ್ಟೆ ಸುತ್ತಿದ ಹಾಗೆ ಫ್ಲೋರನ್ನ ಅಪ್ಪಿಕೊಂಡೇ ಇತ್ತು.

ಹಾಗಾಗಿ ಮೊದಲ ಕೆಲಸ ವೆಲ್ಡಿಂಗ್ ಅಲ್ಲ, ಪತ್ತೇದಾರಿ. ಎಡಗಡೆ ಸೀಟು, ಕಾರ್ಪೆಟ್ಟು, ಫೆಲ್ಟು, ಬಾಗಿಲ ಪಕ್ಕ ಕಾಲಿನ ಹತ್ರ ಇರುವ ಪ್ಲಾಸ್ಟಿಕ್ಕು ಎಲ್ಲ ತೆಗೆದು, ಒಳಗೆ ಒಣಗಿಸಿ, ಡ್ಯಾಶ್ ಬೋರ್ಡ್ ಅಡಿಯಿಂದ ಫ್ಲೋರ್ ತನಕ ಮಗುವಿಗೆ ಹಚ್ಚುವ ಪೌಡರನ್ನ ಉದುರಿಸಿದೆ. ನೀರು ಹರಿದ್ರೆ ಬಿಳೀ ಪೌಡರಲ್ಲಿ ಗೆರೆ ಬೀಳ್ತದೆ, ಗೆರೆ ಹಿಡ್ಕೊಂಡು ಮೇಲಕ್ಕೆ ಹೋದ್ರೆ ಮೂಲ ಸಿಗ್ತದೆ. ಮಗಳು ಹೊರಗಿಂದ ಪೈಪಲ್ಲಿ ನೀರು ಬಿಡುವುದು, ನಾನು ಒಳಗೆ ತಲೆ ಕೆಳಗೆ ಮಾಡಿ ಟಾರ್ಚ್ ಹಿಡಿದು ಮಲಗುವುದು. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗ್ಬೇಕು, ಒಂದೊಂದು ಜಾಗಕ್ಕೆ ಐದೈದು ನಿಮಿಷ. ಒಟ್ಟಿಗೆ ಟಾಪಿಂದ ನೀರು ಸುರಿದ್ರೆ ಎಲ್ಲಾ ಕಡೆಯಿಂದ ಬಂದ ಹಾಗೆ ಕಾಣ್ತದೆ, ಎಂತದೂ ಗೊತ್ತಾಗುವುದಿಲ್ಲ.

ಬಾಗಿಲಿಗೆ ಬಿಟ್ಟದ್ದು, ಏನಿಲ್ಲ. ಬಾನೆಟ್ ಮತ್ತು ಗ್ಲಾಸಿನ ಮಧ್ಯದ ಜಾಲರಿಗೆ ಬಿಟ್ಟದ್ದು, ಏನಿಲ್ಲ, ಒಂದು ಹಿಡಿ ಮಾವಿನ ಎಲೆ ಪುಡಿ ಸಿಕ್ತು ಅಷ್ಟೆ. ಮುಂದಿನ ಗ್ಲಾಸಿನ ಎಡಗಡೆ ಕೆಳಗಿನ ಮೂಲೆಗೆ ಬಿಟ್ಟು ಮೂರು ನಿಮಿಷ ಆಗಿರ್ಬೇಕು, ಪೌಡರಲ್ಲಿ ಒಂದು ಸಪೂರ ಗೆರೆ ನಿಧಾನಕ್ಕೆ, ಇರುವೆ ಸಾಲಿನ ಹಾಗೆ, ಕಂಬದ ಒಳಬದಿಯಿಂದ ಇಳೀತು. "ನಿಲ್ಲಿಸು ನಿಲ್ಲಿಸು" ಅಂತ ಬೊಬ್ಬೆ ಹಾಕಿದ್ದಕ್ಕೆ ಅವಳು ಹೆದರಿ ಪೈಪನ್ನ ಕಿಟಕಿ ಒಳಗೇ ತಿರುಗಿಸಿದ್ಳು, ಪರೀಕ್ಷೆ ಆ ದಿನಕ್ಕೆ ಅಲ್ಲಿಗೇ ಮುಕ್ತಾಯ.

800ರಲ್ಲಿ ಮುಂದಿನ ಗ್ಲಾಸ್ ಅಂಟಿಸಿದ್ದಲ್ಲ, ರಬ್ಬರ್ ಬೀಡಿಂಗಲ್ಲಿ ಕೂತಿರುವುದು. ಇಪ್ಪತ್ತು ವರ್ಷದ ಬಿಸಿಲಿಗೆ ಬೀಡಿಂಗ್ ಒಣಗಿ ಕಟ್ಟಿಗೆ ಆಗಿತ್ತು, ಮೂಲೆಯಲ್ಲಿ ಉಗುರು ಹಾಕಿದ್ರೆ ಚೂರು ಕಿತ್ತು ಬರ್ತದೆ.

ಅದೊಂದೇ ಅಂದ್ಕೊಂಡಿದ್ದೆ. ಮರುದಿನ ಸುಮ್ಮನೆ ಇಂಜಿನ್ ಸ್ಟಾರ್ಟ್ ಮಾಡಿ ಎ.ಸಿ. ಇಪ್ಪತ್ತು ನಿಮಿಷ ಓಡಿಸಿದೆ. ಒಳ್ಳೆ ಎ.ಸಿ. ಆದ್ರೆ ಕಾರಿನ ಅಡಿ ನೆಲದ ಮೇಲೆ ನೀರು ತೊಟ್ಟಿಕ್ಕಬೇಕು, ನಮ್ಮ ಕಡೆಯ ಸೆಕೆಗಂತೂ ಲೋಟಗಟ್ಟಲೆ. ನನ್ನ ಕಾರಿನಡಿ ನೆಲ ಒಣ. ನೀರು ಒಳಗೆ ಕೂಲಿಂಗ್ ಬಾಕ್ಸಿನ ಅಂಚಿಂದ ಮೀರಿ ಫ್ಲೋರಿಗೆ ಬೀಳ್ತಾ ಉಂಟು. ಹೊರಗೆ ಹೋಗುವ ಡ್ರೈನ್ ಪೈಪಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಇಲ್ಲಿ ಒಂದು ಮಾತು, ಹೀಗೆ ಒಳಗೆ ನೀರು ಕಂಡ್ರೆ ಬೆರಳಲ್ಲಿ ಮುಟ್ಟಿ ನೋಡಿ, ಬಣ್ಣ ಇದ್ದು ಜಾರುವ ಹಾಗೆ ಇದ್ರೆ ಅದು ಕೂಲೆಂಟು, ಹೀಟರ್ ಲೀಕಾಗ್ತಿದೆ ಅಂತ ಅರ್ಥ, ಆ ಕತೆಯೇ ಬೇರೆ. ನಂದು ಬರೀ ನೀರು. ಅಂದ್ರೆ ನನ್ನ ಫ್ಲೋರಿಗೆ ಮಳೆಗಾಲದಲ್ಲಿ ಗ್ಲಾಸಿಂದ ನೀರು, ಬೇಸಿಗೆಯಲ್ಲಿ ಎ.ಸಿ.ಯಿಂದ ನೀರು, ಒಣಗ್ಲಿಕ್ಕೆ ಪುರುಸೊತ್ತೇ ಇಲ್ಲ.

ಕೆಲಸ ಶುರು ಮಾಡಿದ್ದು ಏಪ್ರಿಲ್ ಎರಡನೇ ವಾರ, ಶಾಲೆಗೆ ರಜೆ ಸಿಕ್ಕಿದ ಮೇಲೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಜೂನಿಗೆ ಮೊದಲು ಮುಗಿಸದಿದ್ರೆ ಮತ್ತೆ ಅಕ್ಟೋಬರ್ ತನಕ ಕಬ್ಬಿಣಕ್ಕೆ ಪೇಂಟು ಹಿಡಿಯುವ ಹವಾಮಾನವೇ ಇಲ್ಲ.

ಬ್ಯಾಟರಿ ಹೊರಗೆ. ಇಸಿಎಂ, ಅಂದ್ರೆ ಇಂಜಿನಿನ ಕಂಪ್ಯೂಟರು, ಅದರ ಕನೆಕ್ಟರ್ ಕಳಚಿದ್ದು. ಸೀಟಿನ ನಾಲ್ಕು ಬೋಲ್ಟಲ್ಲಿ ಮೂರು ಬಂತು, ಒಂದಕ್ಕೆ ಎರಡು ದಿನ ಡಬ್ಲ್ಯೂಡಿ-40 ಕುಡಿಸಿದ್ರೂ ತಲೆಯೇ ಮುರಿದು ಕೈಗೆ ಬಂತು, ಡ್ರಿಲ್ ಮಾಡಿ ತೆಗೀಬೇಕಾಯ್ತು. ಫ್ಲೋರಿಗೆ ಅಂಟಿರುವ, ಸದ್ದು ತಡೆಯುವ ಕಪ್ಪು ಸೌಂಡ್ ಶೀಟ್ ತೆಗೆಯುವುದು ಎಲ್ಲಕ್ಕಿಂತ ಬೇಜಾರಿನ ಕೆಲಸ. ಅದನ್ನ ಚೆನ್ನಾಗಿ ತಣ್ಣಗೆ ಮಾಡಿ ಬಡಿದ್ರೆ ಗಾಜಿನ ಹಾಗೆ ಒಡೀತದೆ ಅಂತ ಗೊತ್ತಿತ್ತು, ಡ್ರೈ ಐಸ್ ಎಲ್ಲಿ ತರುವುದು, ಮೀನಿನವರ ಹತ್ರ ಎರಡು ಬುಟ್ಟಿ ಐಸ್ ತಂದು ಪ್ಲಾಸ್ಟಿಕ್ಕಲ್ಲಿ ಕಟ್ಟಿ ಇಟ್ಟೆ. ಸ್ವಲ್ಪ ಒಡೀತು, ಜಾಸ್ತಿ ಕರಗಿತು, ಕಾರು ಬಂಗುಡೆ ವಾಸನೆ ಹೊಡೀತು, ಅಮ್ಮ ಎರಡು ದಿನ ಅಂಗಳದ ಆ ಬದಿಗೇ ಬರ್ಲಿಲ್ಲ. ಕೊನೆಗೆ ಹೀಟ್ ಗನ್ ಬಿಸಿ ಕೊಟ್ಟು ಲಾಂಬಿ (ಪುಟ್ಟಿ) ಹಚ್ಚುವ ಬ್ಲೇಡಲ್ಲಿ ಕೆರೆದೇ ತೆಗೆದದ್ದು. ಸೀದಾ ಹೀಟ್ ಗನ್ನೇ ಹಿಡಿಯಿರಿ, ಐಸ್ ಮೀನಿಗೇ ಇರ್ಲಿ.

ಆಮೇಲೆ ಎಷ್ಟು ಕತ್ತರಿಸಬೇಕು ಅನ್ನುವ ಪ್ರಶ್ನೆ. ಕಣ್ಣಿಗೆ ಕಂಡ ತೂತು ಸುಮಾರು 28 ಸೆಂಟಿಮೀಟರ್ ಉದ್ದ, 19 ಅಗಲ. ಟಿಂಕರಣ್ಣ ಸಣ್ಣ ಸುತ್ತಿಗೆ ತಗೊಂಡು ತೂತಿನ ಸುತ್ತ ಟಕ್ ಟಕ್ ಅಂತ ಬಡೀತಾ ಹೋದ್ರು. ಗಟ್ಟಿ ತಗಡು ಟಣ್ ಅಂತದೆ, ಸತ್ತ ತಗಡು ಡಬ್ ಅಂತದೆ, ಹಲಸಿನ ಹಣ್ಣು ಬಡಿದು ನೋಡುವ ಹಾಗೆಯೇ. ಡಬ್ ಅಂದಲ್ಲೆಲ್ಲ ಚಾಕ್‌ಪೀಸಲ್ಲಿ ಗುರುತು, ಗುರುತು ಹಾಕಿದಲ್ಲಿ ಸ್ಕ್ರೂ ಡ್ರೈವರ್ ಒತ್ತಿದ್ರೆ ಒಳಗೆ ಇಳೀತದೆ. ಗ್ರೈಂಡರಿಗೆ ವೈರ್ ಬ್ರಶ್ ಹಾಕಿ ಉಜ್ಜಿ ಉಜ್ಜಿ, ಎಲ್ಲಾ ಬದಿಯಲ್ಲೂ ಬೆಳ್ಳಗೆ ಹೊಳೆಯುವ ಕಬ್ಬಿಣ ಬರುವ ತನಕ ಹೋದ್ರೆ ಕಿಟಕಿ 46ಕ್ಕೆ 30 ಆಯ್ತು. ಹೊಟ್ಟೆ ಉರೀತದೆ ಅಷ್ಟು ಕತ್ತರಿಸುವಾಗ, ಆದ್ರೆ ತೆಳು ಆದ ತಗಡಿಗೆ ವೆಲ್ಡಿಂಗ್ ಹಿಡಿಯುವುದೇ ಇಲ್ಲ, ಮುಟ್ಟಿದ ಕೂಡಲೇ ತೂತು ಬೀಳ್ತದೆ. ರನ್ನಿಂಗ್ ಬೋರ್ಡಿಗೆ ಸೇರುವ ಅಂಚು ಗಟ್ಟಿ ಇತ್ತು, ಪುಣ್ಯ. ಅದೂ ಹೋಗಿದ್ರೆ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ರಾಡು ಕೊಟ್ಟು ಬಿಗೀಬೇಕಿತ್ತು, ಇಲ್ಲದಿದ್ರೆ ಬಾಡಿ ಇಳಿದು ಮತ್ತೆ ಬಾಗಿಲು ಹಾಕ್ಲಿಕ್ಕೇ ಆಗುವುದಿಲ್ಲ. ಆದ್ರೂ ಪ್ರತಿ ಹಂತಕ್ಕೂ ಒಂದ್ಸಲ ಬಾಗಿಲು ಹಾಕಿ ತೆಗೆದು ನೋಡ್ತಿದ್ದೆ.

ತಗಡು 20 ಗೇಜಿನ ಸಿಆರ್ ಶೀಟ್, ಅಂದ್ರೆ ಸತು ಲೇಪ ಇಲ್ಲದ ಬರೀ ಕಬ್ಬಿಣದ್ದು, 0.9 ಮಿಲಿಮೀಟರ್. ಒರಿಜಿನಲ್ ಇದಕ್ಕಿಂತ ಒಂಚೂರು ತೆಳು. 18 ಗೇಜು ಹಾಕುವ ಅಂತ ನಾನು, ಬೇಡ ಅಂತ ಅವರು, ದಪ್ಪ ತಗಡಿಗೆ ಬೇಕಾದ ಕರೆಂಟ್ ಕೊಟ್ಟರೆ ಪಕ್ಕದ ತೆಳು ತಗಡು ಸುಡ್ತದೆ. ಜಿಐ ಅಂತೂ ಮುಟ್ಲಿಕ್ಕೇ ಬಿಡ್ಲಿಲ್ಲ. ಜಿಐ ಮೇಲಿನ ಸತು ವೆಲ್ಡಿಂಗ್ ಬಿಸಿಗೆ ಬಿಳೀ ಹೊಗೆ ಆಗ್ತದೆ, ಆ ಹೊಗೆ ಕುಡಿದ್ರೆ ರಾತ್ರಿ ಚಳಿ ಜ್ವರ, ಅವರು ಹುಡುಗ ಇರುವಾಗ ಗೇಟ್ ಕೆಲಸಕ್ಕೆ ಹೋಗಿ ಅನುಭವಿಸಿದ್ದಾರಂತೆ.

ನಮೂನೆಗೆ ಶಾಲೆಯ ಹಳೇ ಚಾರ್ಟ್ ರಟ್ಟು. ಫ್ಲೋರು ನೋಡ್ಲಿಕ್ಕೆ ಚಪ್ಪಟೆ, ರಟ್ಟು ಇಟ್ಟಾಗ ಗೊತ್ತಾಗುವುದು ಅದು ಎಲ್ಲೂ ಚಪ್ಪಟೆ ಇಲ್ಲ ಅಂತ, ಮುಂದೆ ಏರ್ತದೆ, ಮಧ್ಯದ ಉಬ್ಬಿನ ಕಡೆ ವಾಲ್ತದೆ, ನಡುವೆ ಉದ್ದಕ್ಕೆ ಎರಡು ಗೀಟು. ಆ ಗೀಟುಗಳು ಚಂದಕ್ಕಲ್ಲ, ತಗಡು ಡಬಡಬ ಅಲ್ಲಾಡದ ಹಾಗೆ ಗಟ್ಟಿ ಮಾಡ್ಲಿಕ್ಕೆ. ಮರದ ದಿಮ್ಮಿಯಲ್ಲಿ ತೋಡಿನ ಹಾಗೆ ಕೊರೆದು, ಅದರ ಮೇಲೆ ತಗಡಿಟ್ಟು, ಮೇಲಿಂದ ಅರ್ಧ ಇಂಚಿನ ರಾಡ್ ಇಟ್ಟು ಬಡಿದು ಗೀಟು ಎಬ್ಬಿಸಿದೆ. ಮೊದಲನೇ ತಗಡು ಹಪ್ಪಳದ ಹಾಗೆ ಮುದುಡಿ ಹೋಯ್ತು, ಗೀಟು ಬಡಿದಾಗ ತಗಡು ಎರಡೂ ಬದಿಯಿಂದ ಒಳಗೆ ಎಳ್ಕೊಳ್ತದೆ ಅನ್ನುವುದು ನನ್ನ ಲೆಕ್ಕದಲ್ಲೇ ಇರ್ಲಿಲ್ಲ. ಎರಡನೇದಕ್ಕೆ ಮೊದಲು ಗೀಟು, ಆಮೇಲೆ ಅಳತೆಗೆ ಕತ್ತರಿಸಿದ್ದು. ಸುತ್ತ ಒಂದೂವರೆ ಸೆಂಟಿಮೀಟರ್ ಹಳೇ ತಗಡಿನ ಮೇಲೆ ಕೂರುವ ಹಾಗೆ ಬಿಟ್ಟು, ಮೂರು ಸೆಂಟಿಮೀಟರಿಗೆ ಒಂದರ ಹಾಗೆ 6 ಎಂಎಂ ತೂತು ಕೊರೆದೆ, ಒಟ್ಟು ಐವತ್ತೆರಡು. ಆ ತೂತಿನ ಒಳಗಿಂದ ಕೆಳಗಿನ ತಗಡಿಗೆ ವೆಲ್ಡಿಂಗ್ ತುಂಬಿಸುವುದು, ಇದಕ್ಕೆ ಪ್ಲಗ್ ಅಂತಾರೆ, ಕಂಪನಿಯವರು ಸ್ಪಾಟ್ ವೆಲ್ಡ್ ಹೊಡೆದ ಹಾಗೆಯೇ ಆಗ್ತದೆ. ಎರಡು ತಗಡು ಒಂದರ ಮೇಲೊಂದು ಕೂರುವ ಜಾಗಕ್ಕೆ ಮೊದಲೇ ಜಿಂಕ್ ಪ್ರೈಮರ್, ಆಮೇಲೆ ಅಲ್ಲಿಗೆ ಬ್ರಶ್ ಹೋಗುವುದಿಲ್ಲ.

ಈಗ ವೆಲ್ಡಿಂಗು. ಕಾರಿನಡಿಯಲ್ಲಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಉದ್ದಕ್ಕೆ ಹಿಂದೆ ಹೋಗ್ತದೆ. ಅದನ್ನ ಕ್ಲಿಪ್ಪಿಂದ ಬಿಡಿಸಿ ದೂರ ಸರಿಸಿ, ಮಧ್ಯೆ ಒದ್ದೆ ಗೋಣಿ ಕಟ್ಟಿ, ಪಕ್ಕದಲ್ಲಿ ಎರಡು ಬಕೆಟ್ ನೀರು ಮತ್ತು ಶಾಲೆಯಿಂದ ಹೆಡ್ ಮಾಷ್ಟ್ರ ಹತ್ರ ಹೇಳಿ ತಂದ ಬೆಂಕಿ ಆರಿಸುವ ಸಿಲಿಂಡರ್. ಗ್ಲಾಸಿಗೂ ಒದ್ದೆ ಗೋಣಿ, ಗ್ರೈಂಡರಿನ ಕಿಡಿ ಗಾಜಿಗೆ ಬಿದ್ರೆ ಕಪ್ಪು ಚುಕ್ಕೆಯಾಗಿ ಅಲ್ಲೇ ಕೂತ್ಕೊಳ್ತದೆ, ಮತ್ತೆ ಹೋಗುವುದಿಲ್ಲ. ಟಿಂಕರಣ್ಣನ ಸಿಓಟೂ ವೆಲ್ಡಿಂಗ್ ಮೆಷಿನು ರಿಕ್ಷಾದಲ್ಲಿ ಬಂತು, 0.8 ಎಂಎಂ ವೈರು.

ಮೊದಲ ಐದಾರು ಪ್ಲಗ್ಗು ಅವರು ಹೊಡೆದ್ರು, ಚಂದ ಕೂತಿತು. ಏಳನೇದರಿಂದ ಗಂಡಾಂತರ. ವೆಲ್ಡಿಂಗು ಒಳಗೆ ಇಳಿಯದೆ ಸಂಡಿಗೆ ಇಟ್ಟ ಹಾಗೆ ಮೇಲೆಯೇ ಕೂರ್ತದೆ, ಉಳಿಯಲ್ಲಿ ತಟ್ಟಿದ್ರೆ ಉದುರ್ತದೆ. ವೈರ್ ಬದಲಾಯಿಸಿದ್ರು, ಗ್ಯಾಸ್ ನೋಡಿದ್ರು, ಅರ್ತ್ ಕ್ಲ್ಯಾಂಪ್ ಉಜ್ಜಿದ್ರು, ಇಲ್ಲ. ಅರ್ಧ ಗಂಟೆ ತಲೆ ಕೆರ್ಕೊಂಡ ಮೇಲೆ ಅಮ್ಮ ಒಳಗಿಂದ "ಮಿಕ್ಸಿಯೂ ಸರಿ ತಿರುಗ್ತಾ ಇಲ್ಲ" ಅಂದ್ರು. ನೆರೆಮನೆಯವರು ತೋಟಕ್ಕೆ ಪಂಪು ಹಾಕಿದ್ರು, ಏಪ್ರಿಲ್ ಅಲ್ವಾ, ಲೈನಲ್ಲಿ ವೋಲ್ಟೇಜ್ ಬಿದ್ದು ಹೋಗಿತ್ತು. ಆಮೇಲೆ ನಮ್ಮ ವೆಲ್ಡಿಂಗ್ ಟೈಮ್ ಟೇಬಲ್ ಅವರ ಅಡಿಕೆ ಗಿಡ ನೋಡಿಯೇ, ಪಂಪು ಬೆಳಿಗ್ಗೆ ಹತ್ತಕ್ಕೆ ನಿಲ್ತದೆ, ನಾವು ಹತ್ತೂಕಾಲಿಗೆ ಶುರು. ಬಿದ್ದ ವೋಲ್ಟೇಜಲ್ಲಿ ಹೊಡೆದ ನಾಲ್ಕನ್ನ ಕೊರೆದು ತೆಗೆದು ಮತ್ತೆ ಹೊಡೆದದ್ದು.

ನನಗೂ ಕೈಗೆ ಕೊಟ್ರು. ವೇಸ್ಟ್ ತುಂಡಲ್ಲಿ ಇಪ್ಪತ್ತು ಪ್ಲಗ್ ಅಭ್ಯಾಸ ಆದ್ಮೇಲೆ. ಕರೆಂಟು ಐವತ್ತು ಆಂಪಿಯರ್ ಹತ್ರ, ಒಂದು ಕಡೆ ಒಂದು ಬೊಟ್ಟು, ಮುಂದಿನದು ಎದುರು ಮೂಲೆಗೆ, ಕೈ ಇಡುವಷ್ಟು ತಣ್ಣಗಾದ ಮೇಲೆ ಮೂರನೇದು. ಸಾಲಾಗಿ ಹೊಡೆದ್ರೆ ತಗಡು ಬಿಸಿಗೆ ಅಲೆ ಅಲೆ ಆಗ್ತದೆ. ಹುಮ್ಮಸ್ಸಲ್ಲಿ ನಾನು ಒಂದೇ ಕಡೆ ಮೂರು ಹೊಡೆದೆ, ತೂತು ಬಿತ್ತು, ತುಂಬಿಸ್ಲಿಕ್ಕೆ ಹೋಗಿ ದೊಡ್ಡದಾಯ್ತು. ಅವರು ಏನೂ ಹೇಳದೆ ಅಡಿಯಿಂದ ಒಂದು ತಾಮ್ರದ ಪಟ್ಟಿ ಒತ್ತಿ ಹಿಡಿದು ಒಂದೇ ಸಲ ಟ್ರಿಗರ್ ಒತ್ತಿದ್ರು, ಮುಚ್ಚಿತು. ತಾಮ್ರಕ್ಕೆ ಈ ವೆಲ್ಡಿಂಗ್ ಅಂಟುವುದಿಲ್ಲ, ಬಿಸಿಯನ್ನೂ ಎಳ್ಕೊಳ್ತದೆ.

ಬೆಂಕಿಯೂ ಒಂದು ಸಲ ಹತ್ತಿತು, ಅದನ್ನ ಮುಚ್ಚಿಡುವುದಿಲ್ಲ. ಸೀಟಿನ ಅಡ್ಡ ಪಟ್ಟಿಯ ಆ ಬದಿಯಲ್ಲಿ ನಾನು "ಇಷ್ಟು ಸಾಕು" ಅಂತ ಬಿಟ್ಟಿದ್ದ ಅಂಗೈಯಗಲದ ಸೌಂಡ್ ಶೀಟು ಹೊಗೆಯಾಡ್ಲಿಕ್ಕೆ ಶುರುವಾಗಿ, ನೋಡ್ತಿದ್ದ ಹಾಗೆ ಕೆಂಪಗೆ ಜ್ವಾಲೆ. ಮಗಳು ಬಕೆಟ್ ಎತ್ತಿ ಸುರಿದ್ಳು, ಆರಿತು, ಒಂದು ಬಿಟ್ಟರೆ ಎರಡು ಅಡಿ ಆಚೆ ವೈರಿಂಗ್ ಕಟ್ಟು ಇತ್ತು. ಅದನ್ನ ನಾನು ಬೆಳಿಗ್ಗೆ ಮೇಲಕ್ಕೆ ಎತ್ತಿ ಕಟ್ಟಿದ್ದೇ ಬಚಾವು. ಒಬ್ಬರೇ ಈ ಕೆಲಸ ಮಾಡ್ಬೇಡಿ, ವೆಲ್ಡ್ ಹೊಡೆಯುವವನಿಗೆ ಹೆಲ್ಮೆಟ್ ಒಳಗಿಂದ ಬೇರೆ ಬೆಂಕಿ ಕಾಣುವುದೇ ಇಲ್ಲ.

ಎಲ್ಲಾ ಮುಗಿದ ರಾತ್ರಿ ಅಂಗಳದ ಲೈಟ್ ಆಫ್ ಮಾಡಿ, ಕಾರಿನಡಿ ಟಾರ್ಚ್ ಇಟ್ಟು, ಒಳಗೆ ಕೂತು ನೋಡಿದೆ. ಸೂಜಿ ಮೊನೆಯಷ್ಟು ಏಳು ಬೆಳಕು. ಹಗಲಲ್ಲಿ ಎಷ್ಟು ನೋಡಿದ್ರೂ ಒಂದೂ ಕಂಡಿರ್ಲಿಲ್ಲ. ಚಾಕ್‌ಪೀಸ್ ಗುರುತು, ಬೆಳಿಗ್ಗೆ ಪಂಪು ನಿಂತ ಮೇಲೆ ಅವನ್ನೂ ಮುಚ್ಚಿದ್ದು.

ಉಜ್ಜಿದ ಕಬ್ಬಿಣ ನಮ್ಮ ಹವೆಗೆ ಸಂಜೆ ಒಳಗೆ ಕಂದು ಆಗ್ತದೆ, ಹಾಗಾಗಿ ಕೊನೆಯ ಉಜ್ಜಾಟ ಮತ್ತು ಪ್ರೈಮರ್ ಒಂದೇ ದಿನ. ಸಂದಿಯಲ್ಲಿ ಬ್ರಶ್ ಹೋಗದ ಕಡೆ ಮಾತ್ರ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿದೆ, ಕಪ್ಪಾಯ್ತು. ಆದ್ರೆ ಆ ಆಸಿಡ್ ಉಳಿದುಕೊಂಡ್ರೆ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ, ಚೆನ್ನಾಗಿ ಒರೆಸಿ ಒಣಗಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಮೇಲೆ ಕೆಳಗೆ ಎರಡೆರಡು ಕೋಟ್. ರೆಡ್ ಆಕ್ಸೈಡ್ ಅರ್ಧ ರೇಟಿಗೆ ಸಿಗ್ತದೆ, ಕಿಟಕಿ ಗ್ರಿಲ್ಲಿಗೆ ಸಾಕು, ಕಾರಿನ ಫ್ಲೋರಿಗೆ ನಾನಂತೂ ಹಾಕುವುದಿಲ್ಲ, ಮೇಲೆ ಸರಿಯಾದ ಪೇಂಟ್ ಇಲ್ಲದಿದ್ರೆ ಅದು ತೇವ ಹಿಡಿದುಕೊಳ್ತದೆ. ಮರುದಿನ ತಗಡಿನ ಅಂಚಿಗೆಲ್ಲ ಪಿಯು (ಪಾಲಿಯುರೆಥೇನ್) ಸೀಲೆಂಟು, ಒಳಗೂ ಹೊರಗೂ, ಬೆರಳಲ್ಲಿ ಸವರಿ. ಅದು ಕೈಗೆ ಹಿಡಿದದ್ದು ನಾಲ್ಕು ದಿನ ಹೋಗ್ಲಿಲ್ಲ, ಮದುವೆ ಊಟಕ್ಕೆ ಆ ಕೈಯಲ್ಲೇ ಹೋಗಿದ್ದೆ. ಅಡಿಗೆ ಅಂಡರ್ ಬಾಡಿ ಕೋಟಿಂಗ್ ಹೊಡೆಯುವಾಗ ಫ್ಲೋರಿನ ಡ್ರೈನ್ ತೂತುಗಳಿಗೆ ಟೇಪು, ಇಲ್ಲದಿದ್ರೆ ಅದೂ ಮುಚ್ಚಿ ಹೋಗ್ತದೆ.

ಮಳೆಗಾಲಕ್ಕೆ ಮೊದಲು ಅಡಿಗೆ ಹಳೇ ಇಂಜಿನ್ ಆಯಿಲ್ ಡೀಸೆಲ್ ಬೆರೆಸಿ ಹೊಡೆಸುವ ಪದ್ಧತಿ ಇಲ್ಲಿ ಇನ್ನೂ ಉಂಟು, ಅಪ್ಪನೂ ಹೊಡೆಸ್ತಿದ್ರು. ತುಕ್ಕು ಸ್ವಲ್ಪ ತಡೀತದೆ ನಿಜ, ರಬ್ಬರ್ ಬುಶ್ ಎಲ್ಲ ಉಬ್ಬಿ ಹಾಳಾಗ್ತದೆ ಅದೂ ನಿಜ, ಅಂಗಳದ ಬಾವಿ ಹತ್ರ ತೊಟ್ಟಿಕ್ಕುವುದು ಬೇರೆ. ಹಳೇ ಆಯಿಲ್ ಕುಡಿದ ತಗಡನ್ನ ಸೀಲೆಂಟಿಗೆ ಸರಿ ಮಾಡ್ಲಿಕ್ಕೆ ನನಗೆ ಒಂದು ಇಡೀ ದಿನ ಹೋಯ್ತು.

ಬೀಡಿಂಗು ಕೊನೆಗೆ. ಇದು ನೋಡ್ಲಿಕ್ಕೆ ಮಜಾ. ಹೊಸ ರಬ್ಬರನ್ನ ಗ್ಲಾಸಿಗೆ ಸುತ್ತಿ, ಅದರ ಇನ್ನೊಂದು ಸೀಳಲ್ಲಿ ಸುತ್ತಲೂ ನೈಲಾನ್ ಹಗ್ಗ ಕೂರಿಸಿ, ಸೋಪಿನ ನೀರು ಹಚ್ಚಿ, ಗ್ಲಾಸನ್ನ ಹೊರಗಿಂದ ಒಬ್ಬರು ಅಂಗೈಯಲ್ಲಿ ಒತ್ತುವುದು, ಒಳಗಿಂದ ಒಬ್ಬರು ಹಗ್ಗದ ತುದಿ ಹಿಡಿದು ನಿಧಾನಕ್ಕೆ ಎಳೆಯುವುದು. ಹಗ್ಗ ಬಂದ ಹಾಗೆ ರಬ್ಬರಿನ ತುಟಿ ಮಗುಚಿ ತಗಡಿನ ಅಂಚನ್ನ ಕಚ್ಚಿಕೊಳ್ತಾ ಹೋಗ್ತದೆ. ಹಳೇದು ತೆಗೆದಾಗ ಆ ಅಂಚಲ್ಲೂ ಎಡಗಡೆ ಮೂಲೆ ತುಕ್ಕು ಇತ್ತು, ಅದನ್ನ ಉಜ್ಜಿ ಎಪಾಕ್ಸಿ ಹಚ್ಚದೆ ಹೊಸ ರಬ್ಬರ್ ಹಾಕಿದ್ರೆ ದುಡ್ಡು ದಂಡ. ಎ.ಸಿ. ಡ್ರೈನಿಗೆ ಹೊಸ ಪೈಪು, ಅರವತ್ತು ರೂಪಾಯಿ, ತುದಿಗೆ ಸೊಳ್ಳೆ ಬಲೆಯ ತುಂಡು, ಹುಳ ಹೋಗದ ಹಾಗೆ. ಇಷ್ಟೆಲ್ಲ ರಾಮಾಯಣದಲ್ಲಿ ಅರ್ಧ ಪಾಲು ಈ ಅರವತ್ತು ರೂಪಾಯಿದು.

ಲೆಕ್ಕ ಕೇಳುವವರಿಗೆ: ತಗಡು 600, ಡಿಸ್ಕು ಬ್ರಶ್ಶು 450, ಟಿಂಕರಣ್ಣನಿಗೆ ವೈರ್ ಗ್ಯಾಸ್ ಸೇರಿ 3,500, ಎಪಾಕ್ಸಿ 1,400, ಸೀಲೆಂಟ್ ಎರಡು ಟ್ಯೂಬು 900, ಅಂಡರ್ ಕೋಟಿಂಗ್ 700, ಬೀಡಿಂಗು ಕೂಲಿ ಸೇರಿ 1,350, ಬೋಲ್ಟು 120, ಪೈಪು 60. ಒಟ್ಟು 9,080. ಐಸಿನ ದುಡ್ಡು ಸೇರಿಸಿಲ್ಲ.

ಫೆಲ್ಟ್ ವಾಪಸ್ ಹಾಕ್ಲಿಲ್ಲ. ಬರೀ ರಬ್ಬರ್ ಮ್ಯಾಟು, ಅದರಡಿ ಒಂದು ಪೇಪರ್ ಹಾಳೆ, ನೀರು ಬಂದ್ರೆ ಗೊತ್ತಾಗ್ಲಿ ಅಂತ. ಸದ್ದು ಸ್ವಲ್ಪ ಜಾಸ್ತಿ, ಜಲ್ಲಿ ರೋಡಲ್ಲಿ ಅಡಿಯಿಂದ ಕಲ್ಲು ಹಾರಿದ್ದು ಡಣ್ ಅಂತ ಕೇಳ್ತದೆ.

ಈ ಸಲ ಮಳೆ ಬೇಗ ಬಂತು, ಮೇ ಕೊನೆಗೇ. ಮೂರು ದಿನ ಬಿಡದೆ ಹೊಡೆದದ್ದರಲ್ಲಿ ಕಾರನ್ನ ಬೇಕಂತಲೇ ಅಂಗಳದಲ್ಲೇ ಬಿಟ್ಟೆ. ನಾಲ್ಕನೇ ದಿನ ಮ್ಯಾಟ್ ಎತ್ತಿದ್ರೆ ಪೇಪರ್ ಗರಿಗರಿ, ಅಕ್ಷರ ಕೂಡಾ ಹರಡಿಲ್ಲ. ಅಮ್ಮನಿಗೆ ತಂದು ತೋರಿಸಿದೆ, ಅವರು ಕನ್ನಡಕ ಹಾಕಿ ಅದರಲ್ಲಿದ್ದ ಹಳೇ ಪಂಚಾಂಗ ಓದ್ಲಿಕ್ಕೆ ಕೂತ್ರು.

ಮೊನ್ನೆ ಅಕ್ಕಿ ಮೂಟೆ ಇಡ್ಲಿಕ್ಕೆ ಡಿಕ್ಕಿ ತೆಗೆದೆ. ಮ್ಯಾಟ್ ಅಡಿ ಎಡಗಡೆ ಮೂಲೆಯಲ್ಲಿ ಒಂದು ಲೋಟ ನೀರು. ಟೈಲ್ ಲ್ಯಾಂಪಿನ ರಬ್ಬರ್ ಇರ್ಬೇಕು, ಅಥವಾ ಡಿಕ್ಕಿ ಬಾಗಿಲಿನ ಬೀಡಿಂಗು. ಮಗಳಿಗೆ ಆದಿತ್ಯವಾರ ಪೈಪು ಹಿಡೀಲಿಕ್ಕೆ ಹೇಳಿದ್ದೇನೆ, ಪೌಡರ್ ಡಬ್ಬಿ ಹೊಸದೇ ತರ್ಬೇಕು.